ಓಕ್ ಕಾಯಿಯೂ ನಮ್ಮ ನೆಲ್ಲಿಕಾಯಿಯೂ

ಓಕ್ ಎಂದೊಡನೆ ಕಾಫಿ ಬೆಳೆಗಾರರ ಕಣ್ಣಮುಂದೆ ನಿಲ್ಲುವುದು ತೋಟದ ಸಿಲ್ವರ್ ಓಕ್. ಮೆಣಸಿನ ಬಳ್ಳಿಗೆ ಆಸರೆಯಾಗಿ, ಕಾಫಿಗೆ ನೆರಳಾಗಿ ನಿಂತ ಆ ಮರ ಆಸ್ಟ್ರೇಲಿಯಾದಿಂದ ಬಂದದ್ದು. ಹೆಸರಿನಲ್ಲಿ ಮಾತ್ರ ಓಕ್. ನಿಜವಾದ ಓಕ್ ಮರ ಪುಟ್ಟ ಬಟ್ಟಲಿನಲ್ಲಿ ಕೂರಿಸಿದಂಥ ಗಟ್ಟಿ ಕಾಯಿ ಬಿಡುತ್ತದೆ. ಅಮೆರಿಕದ ಬಿಳಿಬಾಲದ ಜಿಂಕೆಗೆ ಅದೆಂದರೆ ಪ್ರಾಣ. ಬಿಳಿ ಓಕಿನ ಕಾಯಿಯಲ್ಲಿ ಒಗರು ಕಡಿಮೆಯಾದ್ದರಿಂದ ಕೆಂಪು ಓಕಿನದನ್ನು ಬಿಟ್ಟು ಇದಕ್ಕೇ ಮೊದಲು ಬಾಯಿ ಹಾಕುತ್ತದೆ. ಅಲ್ಲಿನ ಬೇಟೆಗಾರರು ಈ ರುಚಿಯನ್ನರಿತು, ಜಿಂಕೆ ಬರಲೆಂದೇ ಜಮೀನಿನಲ್ಲಿ ಓಕ್ ಬೆಳೆಸುವುದುಂಟು.

ಶಿವನಿ ಸುತ್ತಿನ ಅಡಿಕೆ ತೋಟದವರಿಗೂ ತರೀಕೆರೆ ಕಡೆ ಕಾಡಂಚಿನ ಸದಸ್ಯರಿಗೂ ಇದರಿಂದೇನು ಎಂದು ಕೇಳಬಹುದು. ಜಿಂಕೆಯನ್ನು ಕರೆಯುವ ಚಿಂತೆ ನಮಗಿಲ್ಲ, ತಿಳಿಯದೆ ಕರೆಯುತ್ತಿದ್ದೇವೆಯೇ ಎಂಬುದೇ ಚಿಂತೆ.

ಮಲೆನಾಡಿನ ಕಾಡಿನಲ್ಲಿ ಓಕ್ ಕಾಯಿಯ ಸ್ಥಾನ ನೆಲ್ಲಿಗೆ ಸಲ್ಲುತ್ತದೆ, ತಾರೆಕಾಯಿಯೂ ಉಂಟು. ಚಳಿಗಾಲದಲ್ಲಿ ನೆಲ್ಲಿ ಬಲಿತಾಗ ಮುಸುವಗಳು ಮರವೇರಿ ತಿಂದು, ಅರ್ಧಕ್ಕರ್ಧ ಕೆಳಗೆ ಬೀಳಿಸುತ್ತವೆ. ಬುಡದಲ್ಲಿ ಸಾರಗಗಳು ಕಾದಿರುತ್ತವೆ. ಸಾರಗ ಕಾಯನ್ನು ನುಂಗಿ, ಆಮೇಲೆ ನೆರಳಿನಲ್ಲಿ ಮಲಗಿ ಮೆಲುಕು ಹಾಕುವಾಗ ಓಟೆಯನ್ನು ಉಗುಳುತ್ತದೆ. ನೀಲಗಿರಿಯ ಮುದುಮಲೈ ಕಾಡಿನಲ್ಲಿ ವಿಜ್ಞಾನಿಗಳು ಇದನ್ನು ಅಭ್ಯಾಸ ಮಾಡಿ, ನೆಲ್ಲಿಯ ಬೀಜ ಹರಡುವುದರಲ್ಲಿ ಸಾರಗಕ್ಕೆ ದೊಡ್ಡ ಪಾಲಿದೆ ಎಂದು ಕಂಡುಕೊಂಡಿದ್ದಾರೆ.

ಬಯಲುಸೀಮೆಯ ಕಥೆ ಬೇರೆ. ಅಮೃತಮಹಲ್ ಕಾವಲುಗಳಲ್ಲಿ ಮೇಯುವುದು ಕೃಷ್ಣಮೃಗ. ಅದು ಜಿಂಕೆಯ ಕುಲದ್ದಲ್ಲ. ಜಿಂಕೆಯ ಕೊಂಬು ಉದುರಿ ಮತ್ತೆ ಹುಟ್ಟುತ್ತದೆ, ಇದರ ಕೊಂಬು ಉದುರುವುದಿಲ್ಲ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು ಸರ್ಕಾರವು 2011ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿತು. ಹುಲ್ಲು ಒಣಗಿದ ಕಾಲದಲ್ಲಿ ಈ ಪ್ರಾಣಿಗೆ ಜಾಲಿಕಾಯಿ ಒಳ್ಳೆಯ ಆಹಾರ.

ಕಾಡಂಚಿನಲ್ಲಿ ಹಣ್ಣಿನ ಮರ ನೆಟ್ಟರೆ ಜಿಂಕೆ ಅಲ್ಲೇ ತೃಪ್ತಿಪಟ್ಟು ತೋಟಕ್ಕೆ ಬಾರದು ಎಂದು ಕೆಲವರು ಹೇಳುತ್ತಾರೆ. ನಮಗೆ ಈ ಮಾತು ಪೂರ್ತಿ ಒಪ್ಪಿಗೆಯಾಗದು. ನೆಲ್ಲಿಯ ಕಾಲ ಎರಡು ಮೂರು ತಿಂಗಳು. ದಾರಿ ಕಲಿತ ಪ್ರಾಣಿ ಕಾಯಿ ಮುಗಿದ ಮೇಲೂ ಬರುತ್ತದೆ, ಆಗ ಅಲ್ಲಿ ಎಳೆಯ ಅಡಿಕೆ ಸಸಿ ಇದ್ದರೆ ಅದರ ಗತಿ ಹೇಳಬೇಕಿಲ್ಲ. ಕಾಡಿನ ಒಳಗಿನ ನೆಲ್ಲಿಯನ್ನು ಕಡಿಯದೆ ಉಳಿಸುವುದು ಸರಿಯೇ. ಆದರೆ ಹೊಸ ಸಸಿ ಇಟ್ಟ ತಾಕಿನ ಮಗ್ಗುಲಲ್ಲಿ ನೆಲ್ಲಿ ಬೇಡ. ಈಗಾಗಲೇ ಇದ್ದಲ್ಲಿ ಕಾಯಿ ಬೀಳುವ ಮುಂಚೆಯೇ ಕೊಯ್ದು ಉಪ್ಪಿನಕಾಯಿಗೋ ಸಂತೆಗೋ ಸಾಗಿಸುವುದು ಲೇಸು.

ಇನ್ನೊಂದು ಮಾತು. ಅಮೆರಿಕದವರ ಉಪಾಯ ಇಲ್ಲಿ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ‘ಬೇಟೆ’ ಎಂಬ ಪದಕ್ಕೆ ಕೊಟ್ಟ ಅರ್ಥದಲ್ಲಿ ಆಮಿಷ ಒಡ್ಡುವುದೂ ಸೇರಿದೆ, ಅದರ ಪ್ರಯತ್ನವೂ ಸೇರಿದೆ. ಕೃಷ್ಣಮೃಗವಂತೂ ಮೊದಲನೆಯ ಅನುಸೂಚಿಯಲ್ಲಿದೆ. ಬೆಳೆ ಹಾಳಾಯಿತೆಂಬ ಸಿಟ್ಟಿನಲ್ಲಿ ಉರುಲು ಹಾಕಿದವರಿಗೆ ಕಾನೂನಿನಲ್ಲಿ ರಿಯಾಯಿತಿ ಇಲ್ಲ.

ಬೇಲಿಯ ಕರಿಜಾಲಿ ಕಾಯನ್ನು ಬಡಿದು ಕುರಿ ಮೇಕೆಗಳಿಗೆ ಹಾಕಬಹುದು. ಬಳ್ಳಾರಿ ಜಾಲಿಯದಾದರೆ ಬೀಜ ಸಮೇತ ಕುಟ್ಟಿಯೇ ಕೊಡಬೇಕು. ಇಡಿಯಾಗಿ ಕೊಟ್ಟರೆ ಗೊಬ್ಬರದೊಡನೆ ಅಡಿಕೆ ಬುಡಕ್ಕೇ ಬಂದು ಹುಟ್ಟೀತು.