ರಾಣಿಯ ತೋಳು, ಅಜ್ಜಿಯ ತೋಳು

ಮಕ್ಕಳೇ, ಚಳ್ಳಕೆರೆ ಕಡೆಯ ಮದುವೆ ಮನೆಗಳಲ್ಲಿ ಮೊಳಕಾಲ್ಮೂರಿನ ರೇಷ್ಮೆ ಸೀರೆ ಉಟ್ಟ ಅಜ್ಜಿಯರನ್ನು ನೋಡಿದ್ದೀರಲ್ಲವೇ? ಸೀರೆಯ ಅಂಚು ನೋಡಿದ ಮೇಲೆ ಅವರ ತೋಳನ್ನೂ ಒಮ್ಮೆ ನೋಡಿ. ಅನೇಕರ ತೋಳಿನ ಮೇಲೆ ನಾಣ್ಯದಂಥ ಗುಂಡನೆಯ ಕಲೆ ಇರುತ್ತದೆ. ಅದು ಸಿಡುಬಿನ ದಾಕು. ನಮ್ಮ ಮೈಸೂರು ರಾಣಿಯರ ಹಳೆಯ ತೈಲಚಿತ್ರವೊಂದು ಈ ದಾಕಿನ ಕತೆಯನ್ನೇ ಹೇಳುತ್ತದೆ.

18ನೇ ಶತಮಾನದ ಯೂರೋಪಿನಲ್ಲಿ ಸಿರಿವಂತ ಮನೆತನದ ಹೆಂಗಸರು ರೇಷ್ಮೆ, ಲೇಸು ತೊಟ್ಟು ಚಿತ್ರ ಬರೆಸಿಕೊಳ್ಳುತ್ತಿದ್ದರು. ಅಂಥ ಚಿತ್ರಕಲೆ ಕಲಿತವನು ಐರ್ಲೆಂಡಿನ ಥಾಮಸ್ ಹಿಕಿ. ಸುಮಾರು 1805ರಲ್ಲಿ ಅವನು ಮೈಸೂರಿನ ಮೂವರು ಹೆಂಗಸರನ್ನು ಚಿತ್ರಿಸಿದ. ಇವರು ನರ್ತಕಿಯರು ಎಂದೇ ಬಹುಕಾಲ ಜನ ತಿಳಿದಿದ್ದರು. ಇವರು ಅರಮನೆಯವರು ಎಂದವರು ಇತಿಹಾಸಕಾರ ನೈಜೆಲ್ ಚಾನ್ಸಲರ್. ಅವರ ಪ್ರಕಾರ ಬಲಗಡೆಯವರು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ. ನಡುವೆ ಇರುವವರು ಅಜ್ಜಿ ಲಕ್ಷ್ಮಮ್ಮಣ್ಣಿ.

ಕಿರಿಯ ರಾಣಿ ಸೆರಗು ಸರಿಸಿ ಎಡತೋಳು ತೋರಿಸುತ್ತಿದ್ದಾರೆ. ಏಕೆ ಗೊತ್ತೇ? ದಾಕು ಹಾಕಿಸಿಕೊಂಡ ಜಾಗ ಅದು! ಎಡಗಡೆಯ ಹಿರಿಯ ರಾಣಿಯ ಮೂಗು, ಬಾಯಿಯ ಸುತ್ತ ಬಣ್ಣ ಮಾಸಿದೆ. ಸಿಡುಬಿನ ಹಕ್ಕಳೆಯ ಪುಡಿಯನ್ನು ಮೂಗಿಗೆ ಊದುವ ಹಳೆಯ ಪದ್ಧತಿಯ ಗುರುತು ಅದು ಎನ್ನುತ್ತಾರೆ ಚಾನ್ಸಲರ್.

ಆಗ ಸಿಡುಬು ಎಂದರೆ ಊರೇ ನಡುಗುತ್ತಿತ್ತು. ಬದುಕಿ ಉಳಿದವರಲ್ಲೂ ಕೆಲವರಿಗೆ ಕಣ್ಣು ಹೋಗುತ್ತಿತ್ತು. ಹಸುವಿನ ಸಿಡುಬು ಮನುಷ್ಯರನ್ನು ಕಾಯುತ್ತದೆ ಎಂದು ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ 1796ರಲ್ಲಿ ತೋರಿಸಿಕೊಟ್ಟ. 1802ರಲ್ಲಿ ಆ ಲಸಿಕೆ ಮುಂಬಯಿಗೆ ಬಂತು. ಆಗ ಫ್ರಿಜ್ ಇರಲಿಲ್ಲ. ಒಬ್ಬರ ತೋಳಿನ ಗುಳ್ಳೆಯ ರಸ ತೆಗೆದು ಇನ್ನೊಬ್ಬರ ತೋಳಿಗೆ ಹಾಕಬೇಕಿತ್ತು. ಯಾರದೋ ಮೈಯ ರಸ ನಮ್ಮ ಮೈಗೆ ಏಕೆ ಎಂದು ಜನ ಹಿಂಜರಿದರು. ಹೊರಗಿನವರ ಕಣ್ಣಿಗೇ ಬೀಳದ ರಾಣಿ ತೋಳು ತೋರಿಸಿ ನಿಂತದ್ದು ಅದಕ್ಕೇ ಇರಬೇಕು: “ನಾನೇ ಹಾಕಿಸಿಕೊಂಡಿದ್ದೇನೆ, ನಿಮಗೇಕೆ ಭಯ?” ಎನ್ನುವಂತೆ.

ಮುಂದೆ ಊರೂರಿಗೆ, ಮನೆಮನೆಗೆ ದಾಕು ಹಾಕುವವರು ಬಂದರು. ಅವರನ್ನು ಕಂಡು ಕಣಜದ ಹಿಂದೆ ಅಡಗಿದ ಮಕ್ಕಳೇ ಇಂದಿನ ಅಜ್ಜ, ಅಜ್ಜಿಯರು! 1975ರಲ್ಲಿ ಭಾರತದ ಕೊನೆಯ ಸಿಡುಬು ಪ್ರಕರಣ ಕಂಡಿತು. 1980ರಲ್ಲಿ ಜಗತ್ತೇ ಸಿಡುಬಿನಿಂದ ಮುಕ್ತವಾಗಿದೆ ಎಂದು ಘೋಷಿಸಲಾಯಿತು. ನಿಮ್ಮ ತೋಳಿನಲ್ಲಿರುವ ಚಿಕ್ಕ ಕಲೆ ಕ್ಷಯರೋಗ ತಡೆಯುವ ಬಿಸಿಜಿ ಲಸಿಕೆಯದು. ಸಿಡುಬಿನ ದಾಕು ನಿಮಗೆ ಬೇಕಾಗಲೇ ಇಲ್ಲ.

ಇಂದು ಸಂಜೆ ಅಜ್ಜಿಯ ಪಕ್ಕ ಕುಳಿತು, “ದಾಕು ಹಾಕಿದ ದಿನ ಅತ್ತೆಯಾ ಅಜ್ಜಿ?” ಎಂದು ಕೇಳಿ. ರಾಣಿಯ ಕತೆ ನೀವು ಹೇಳಿ, ಅವರ ಕತೆ ಅವರು ಹೇಳಲಿ.