ಮನೆಯವರ ಮೇಲಣ ಕಾವಲು

ನಂಜನಗೂಡಿನ ಪಂಚಮಹಾರಥೋತ್ಸವದ ಸಂದಣಿಯಲ್ಲಿ ಮಕ್ಕಳೂ ವೃದ್ಧರೂ ಮನೆಯವರಿಂದ ಅಗಲಿ ಕಂಗೆಡುವುದು ಹೊಸದೇನಲ್ಲ. ತಿರುಮಕೂಡಲು ನರಸೀಪುರದ ತ್ರಿವೇಣೀಸಂಗಮದಲ್ಲಿ 1989ರಿಂದ ನಡೆದುಬಂದು, 2025ರ ಫೆಬ್ರವರಿಯಲ್ಲಿಯೂ ಜರುಗಿದ ಕುಂಭಮೇಳಕ್ಕೆ ಹೊರಡುವವರಿಗೂ ಇದೇ ಆತಂಕ. ಇಂಥಲ್ಲಿ ಮೊಬೈಲು ಮಹದುಪಕಾರಿಯೆಂಬುದು ನಿರ್ವಿವಾದ. ವಾಟ್ಸಪ್ಪಿನ ಮೂಲಕ ತಾನಿರುವ ಸ್ಥಳವನ್ನು ಕಾಲು ಗಂಟೆ, ಒಂದು ಗಂಟೆ, ಇಲ್ಲವೆ ಎಂಟು ಗಂಟೆಗಳ ಕಾಲ ಬಂಧುಗಳಿಗೆ ತೋರಿಸಬಹುದು. ಅವಧಿ ತೀರಿದೊಡನೆ ಅದು ತಾನಾಗಿ ನಿಲ್ಲುವುದು. ತೋರಿಸುವವರ ಸಮ್ಮತಿಯೂ ಕಾಲಮಿತಿಯೂ ಇರುವಲ್ಲಿ ಆಕ್ಷೇಪಣೆಗೆ ಎಡೆಯೆಲ್ಲಿಯದು?

ಆದರೆ ಪತ್ನಿಯ ಅಥವಾ ಪ್ರಾಯಕ್ಕೆ ಬಂದ ಮಗಳ ಫೋನಿನಲ್ಲಿ, ಅವರಿಗೆ ತಿಳಿಯದಂತೆ, ಹಗಲಿರುಳೂ ಸುಳಿವು ಕೊಡುವ ಏರ್ಪಾಡನ್ನು ಮಾಡಿಡುವುದು ಬೇರೆಯೇ ಮಾತು. ಕಛೇರಿಯ ಹಾಜರಿ ಪುಸ್ತಕಕ್ಕೆ ರುಜು ಹಾಕಲು ಗೊಣಗುವ ಗೃಹಸ್ಥರೇ ಮನೆಯಲ್ಲಿ ಇಂಥದೊಂದು ಪುಸ್ತಕವನ್ನಿಡಬಯಸುವುದು ವಿನೋದವೇ ಸರಿ!

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿದರು. ಅನಂತರ 2023ರಲ್ಲಿ ಅಂಗೀಕೃತವಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಶಾಸನವು, 18 ವರ್ಷದೊಳಗಿನವರ ಜಾಡು ಹಿಡಿಯದಂತೆ ಸಂಸ್ಥೆಗಳನ್ನು ತಡೆಯುವ ವಿಧಿಯನ್ನು ಒಳಗೊಂಡಿದೆ. ಅದೇ ಶಾಸನವು, ವ್ಯಕ್ತಿಯೊಬ್ಬನು ಗೃಹಕೃತ್ಯದ ಉದ್ದೇಶದಿಂದ ಮಾಡುವುದನ್ನು ತನ್ನ ವ್ಯಾಪ್ತಿಯಿಂದ ಹೊರಗಿರಿಸಿ, ಮನೆಯ ಹೊಸಿಲಿನಾಚೆಯೇ ನಿಂತುಬಿಟ್ಟಿದೆ.

ಹೀಗಿರುವಲ್ಲಿ, ತಾನಿರುವ ಸ್ಥಳವು ಯಾರ ಯಾರಿಗೆ ಕಾಣುತ್ತಿದೆಯೆಂಬುದನ್ನು ಗೂಗಲ್ ಮ್ಯಾಪಿನಲ್ಲಿ ತಾನೇ ತೆರೆದು ನೋಡಿ, ಬೇಡವಾದಲ್ಲಿ ನಿಲ್ಲಿಸುವುದನ್ನು ಹೆಣ್ಣುಮಕ್ಕಳು ಅರಿತಿರಬೇಕು. ಐದು ನಿಮಿಷಗಳ ಈ ಪಾಠವನ್ನು ಎರಡೂ ಊರುಗಳ ಕಾಲೇಜುಗಳು ಈ ವರ್ಷವೇ ಆರಂಭಿಸಬಹುದು.