ಹೊಸ್ತಿಲ ಮೇಲೆ ಆರು ವರ್ಷ

1845ರ ಅಕ್ಟೋಬರ್ 8ರ ರಾತ್ರಿ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಪಟ್ಟಣದ ಹೊರಗಿರುವ ಲಿಟಲ್‌ಮೋರ್ ಎಂಬ ಹಳ್ಳಿ. ಬಿಡದೆ ಸುರಿಯುತ್ತಿದ್ದ ಮಳೆಯಲ್ಲಿ ಕುದುರೆ ಸಾರೋಟಿನ ಮೇಲೆ ಗಂಟೆಗಟ್ಟಲೆ ಕೂತು ಬಂದಿದ್ದ ಇಟಲಿಯ ಪಾದ್ರಿಯೊಬ್ಬರು ಅಲ್ಲಿನ ಒಂದು ಮನೆಯಲ್ಲಿ ಬೆಂಕಿಯ ಮುಂದೆ ಬಟ್ಟೆ ಒಣಗಿಸಿಕೊಳ್ಳುತ್ತಿದ್ದರು. ಆಗ ಒಳಗೆ ಬಂದ 44 ವರ್ಷದ ವಿದ್ವಾಂಸರೊಬ್ಬರು ಅವರ ಮುಂದೆ ಮಂಡಿಯೂರಿ, ತಮ್ಮನ್ನು ಕ್ಯಾಥೊಲಿಕ್ ಧರ್ಮಸಭೆಗೆ ಸೇರಿಸಿಕೊಳ್ಳಬೇಕೆಂದು ಕೇಳಿಕೊಂಡರು. ಪಾದ್ರಿಯ ಹೆಸರು ಡೊಮಿನಿಕ್ ಬಾರ್ಬೆರಿ. ಮಂಡಿಯೂರಿದವರು ಜಾನ್ ಹೆನ್ರಿ ನ್ಯೂಮನ್. ಮರುದಿನ, ಅಕ್ಟೋಬರ್ 9ರಂದು, ನ್ಯೂಮನ್ ಕ್ಯಾಥೊಲಿಕರಾದರು.

ನೋಡಿದವರಿಗೆ ಇದು ಒಂದು ರಾತ್ರಿಯ ಘಟನೆ. ಆದರೆ ಆ ಮಂಡಿ ನೆಲಕ್ಕೆ ತಾಗಲು ಆರು ವರ್ಷ ಹಿಡಿದಿತ್ತು.

ಮತಾಂತರ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಮ್ಮಲ್ಲಿ ವಾದ-ವಿವಾದ, ಕಾನೂನು, ರಾಜಕೀಯ ನೆನಪಾಗುವುದು ಸಹಜ. ಆದರೆ ಇದೇ ಮಾತಿಗೆ ಇನ್ನೊಂದು ಮುಖವೂ ಇದೆ. ಓದು ಬರಹ ಬಲ್ಲ, ಯಾರ ಒತ್ತಾಯವೂ ಇಲ್ಲದ, ಸೇರಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು ಎಂದು ತಿಳಿದಿರುವ ವಯಸ್ಕನೊಬ್ಬ 'ನಾನು ಈ ಧರ್ಮಸಭೆಗೆ ಸೇರಬೇಕೆ, ಬೇಡವೆ?' ಎಂದು ತನ್ನನ್ನೇ ಕೇಳಿಕೊಳ್ಳುವ ಹೊತ್ತು ಅದು. ಆ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದು ಹೇಗೆ? ತಾನು ಮೋಸಹೋಗುತ್ತಿಲ್ಲ ಎಂದು ಅವನಿಗೆ ಗೊತ್ತಾಗುವುದು ಹೇಗೆ?

ಕಳೆದುಕೊಳ್ಳಲು ಎಲ್ಲವೂ ಇತ್ತು

1801ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ನ್ಯೂಮನ್ ಆಂಗ್ಲಿಕನ್ ಪಾದ್ರಿಯಾಗಿದ್ದರು. 16ನೇ ಶತಮಾನದಲ್ಲಿ ಪೋಪರ ಅಧಿಕಾರದಿಂದ ಬೇರ್ಪಟ್ಟ ಇಂಗ್ಲೆಂಡಿನ ಅಧಿಕೃತ ಧರ್ಮಸಭೆಯೇ ಆಂಗ್ಲಿಕನ್ ಸಭೆ. ಆಕ್ಸ್‌ಫರ್ಡಿನ ಓರಿಯಲ್ ಕಾಲೇಜಿನ ಫೆಲೋ, 1828ರಿಂದ ವಿಶ್ವವಿದ್ಯಾಲಯದ ಸೇಂಟ್ ಮೇರಿ ಚರ್ಚಿನ ಮುಖ್ಯಸ್ಥ, ವಿದ್ಯಾರ್ಥಿಗಳು ಮುಗಿಬಿದ್ದು ಕೇಳುತ್ತಿದ್ದ ಪ್ರವಚನಕಾರ. 1833ರಲ್ಲಿ ಜಾನ್ ಕೇಬಲ್ ಮತ್ತಿತರ ಗೆಳೆಯರೊಂದಿಗೆ ಅವರು ಆರಂಭಿಸಿದ 'ಆಕ್ಸ್‌ಫರ್ಡ್ ಚಳವಳಿ'ಯ ಉದ್ದೇಶ ತಮ್ಮ ಸಭೆಯನ್ನು ಬಿಡುವುದಲ್ಲ, ಅದರ ಪ್ರಾಚೀನ ಬೇರುಗಳನ್ನು ತೋರಿಸಿ ಬಲಪಡಿಸುವುದು. ರೋಮ್ ಒಂದು ಅತಿ, ಪ್ರಾಟೆಸ್ಟೆಂಟರು ಇನ್ನೊಂದು ಅತಿ, ನಮ್ಮದು ನಡುದಾರಿ ಎಂಬುದು ಅವರ ವಾದವಾಗಿತ್ತು.

1839ರ ಬೇಸಿಗೆಯಲ್ಲಿ ಐದನೇ ಶತಮಾನದ ಧರ್ಮವಿವಾದಗಳನ್ನು ಓದುತ್ತಿದ್ದಾಗ ಅವರಿಗೆ ಮೊದಲ ಪೆಟ್ಟು ಬಿತ್ತು. ಆ ಕಾಲದಲ್ಲೂ ನಡುದಾರಿ ಹಿಡಿದವರಿದ್ದರು. ಚರಿತ್ರೆ ಅವರನ್ನು ಸಭೆಯ ಹೊರಗೆ ನಿಲ್ಲಿಸಿತ್ತು. ಹಾಗಾದರೆ ತಾನು ನಿಂತಿರುವ ಜಾಗ ಯಾವುದು? ಈ ಸಂಶಯ ಹುಟ್ಟಿದ್ದು ರೋಮಿನ ವೈಭವವನ್ನು ಕಂಡಲ್ಲ, ಯಾವ ಪಾದ್ರಿಯ ಮಾತಿಗೆ ಮರುಳಾಗಿಯೂ ಅಲ್ಲ. ತಾನೇ ಆರಿಸಿಕೊಂಡ ಪುಸ್ತಕಗಳ ನಡುವೆ, ತನ್ನದೇ ವಾದದ ಒಳಗಿನಿಂದ ಅದು ಎದ್ದುಬಂತು.

ಆದರೂ ಅವರು ಎದ್ದು ಹೊರಡಲಿಲ್ಲ. ಒಮ್ಮೆ ತಪ್ಪು ತಿಳಿದವನು ಮತ್ತೊಮ್ಮೆಯೂ ತಪ್ಪಬಹುದಲ್ಲವೆ ಎಂಬ ಅಳುಕು ಅವರದು. ಆಂಗ್ಲಿಕನ್ ಸಭೆಯ 39 ವಿಧಿಗಳನ್ನು ಕ್ಯಾಥೊಲಿಕ್ ಅರ್ಥದಲ್ಲೂ ಓದಬಹುದೆಂದು 1841ರಲ್ಲಿ ಬರೆದ ಕಿರುಹೊತ್ತಿಗೆಯೊಂದನ್ನು ವಿಶ್ವವಿದ್ಯಾಲಯದ ಹಿರಿಯರು ಖಂಡಿಸಿದರು. ಬಿಷಪ್ಪರೂ ಒಬ್ಬೊಬ್ಬರಾಗಿ ತಿರುಗಿಬಿದ್ದರು. 1842ರಲ್ಲಿ ನ್ಯೂಮನ್ ಲಿಟಲ್‌ಮೋರಿಗೆ ಹೋಗಿ, ಸಾಲುಮನೆಯಾಗಿ ಮಾರ್ಪಡಿಸಿದ್ದ ಹಳೆಯ ಲಾಯದಲ್ಲಿ ಕೆಲವು ಕಿರಿಯರೊಂದಿಗೆ ಉಪವಾಸ, ಪ್ರಾರ್ಥನೆ, ಅಧ್ಯಯನದಲ್ಲಿ ತೊಡಗಿದರು. ಅಲ್ಲಿಗೆ ಬಂದ ವಿಲಿಯಂ ಲಾಕ್‌ಹಾರ್ಟ್ ಎಂಬ ತರುಣನಿಂದ 'ಮೂರು ವರ್ಷ ಎಲ್ಲೂ ಹೋಗುವುದಿಲ್ಲ' ಎಂದು ಮಾತು ಪಡೆದಿದ್ದರು. ಆತುರ ಬೇಡ ಎಂಬುದು ತಮಗೆ ಮಾತ್ರವಲ್ಲ, ತಮ್ಮನ್ನು ನಂಬಿದವರಿಗೂ ಅವರು ಹೇಳುತ್ತಿದ್ದ ಬುದ್ಧಿಮಾತು. ಲಾಕ್‌ಹಾರ್ಟ್ ಮಾತು ಮುರಿದು 1843ರಲ್ಲಿ ಕ್ಯಾಥೊಲಿಕನಾದಾಗ ನ್ಯೂಮನ್ ಸೇಂಟ್ ಮೇರಿ ಚರ್ಚಿನ ಹುದ್ದೆಗೆ ರಾಜೀನಾಮೆ ಕೊಟ್ಟರು.

ಕೊನೆಗೆ ತಮಗೆ ತಾವೇ ಒಂದು ಪರೀಕ್ಷೆ ಒಡ್ಡಿಕೊಂಡರು. ಕ್ರೈಸ್ತ ಸಿದ್ಧಾಂತ ಶತಮಾನಗಳಲ್ಲಿ ಹೇಗೆ ಬೆಳೆಯಿತು ಎಂಬ ಗ್ರಂಥವನ್ನು ಬರೆಯಬೇಕು. ಬರೆದು ಮುಗಿಸುವ ಹೊತ್ತಿಗೂ ರೋಮಿನ ಪರವಾದ ನಂಬಿಕೆ ಸಡಿಲವಾಗದಿದ್ದರೆ ಹೆಜ್ಜೆ ಇಡಬೇಕು. ಪುಸ್ತಕ ಪೂರ್ತಿಯಾಗುವ ಮೊದಲೇ ಉತ್ತರ ಸಿಕ್ಕಿತು. ಅಕ್ಟೋಬರ್ 3ರಂದು ಓರಿಯಲ್ ಕಾಲೇಜನ್ನೂ ಬಿಟ್ಟರು.

ಬೆಲೆ ಸಣ್ಣದಾಗಿರಲಿಲ್ಲ. ಆಗ ಆಕ್ಸ್‌ಫರ್ಡಿಗೆ ಸೇರಲು 39 ವಿಧಿಗಳಿಗೆ ಸಹಿ ಹಾಕಬೇಕಿತ್ತು. ಕ್ಯಾಥೊಲಿಕರಿಗೆ ಅಲ್ಲಿ ಜಾಗವಿರಲಿಲ್ಲ. 1846ರಲ್ಲಿ ಊರು ಬಿಟ್ಟ ನ್ಯೂಮನ್ ಮತ್ತೆ ಆಕ್ಸ್‌ಫರ್ಡಿಗೆ ಕಾಲಿಟ್ಟದ್ದು 32 ವರ್ಷಗಳ ನಂತರ. ಸೋದರಿ ಹ್ಯಾರಿಯೆಟ್ ಸಂಬಂಧವನ್ನೇ ಕಡಿದುಕೊಂಡರು.

ಕಾಯಿಸುವುದೂ ಒಂದು ಕ್ರಮ

ನ್ಯೂಮನ್ನರ ನಿಧಾನ ಅವರ ಸ್ವಭಾವಕ್ಕೆ ಸೇರಿದ್ದು ಎನ್ನಬಹುದು. ಆದರೆ ಸೇರಬಯಸುವ ವಯಸ್ಕರನ್ನು ಕಾಯಿಸುವುದು ಧರ್ಮಸಭೆಯದೇ ಹಳೆಯ ಪದ್ಧತಿ ಎಂಬುದು ಹಲವರಿಗೆ ತಿಳಿದಿಲ್ಲ.

ರೋಮಿನ ಹಿಪ್ಪೊಲಿಟಸನ ಹೆಸರಿನಲ್ಲಿ ಪ್ರಚಲಿತವಾಗಿರುವ ಪ್ರಾಚೀನ ನಿಯಮಗ್ರಂಥವೊಂದು ದೀಕ್ಷೆ ಬಯಸುವವರು ಮೂರು ವರ್ಷ ಉಪದೇಶ ಕೇಳಬೇಕೆಂದು ವಿಧಿಸುತ್ತದೆ. ಜೊತೆಗೆ, ನೋಡಬೇಕಾದದ್ದು ಕಾಲದ ಲೆಕ್ಕವನ್ನಲ್ಲ, ನಡತೆಯನ್ನು ಎಂದೂ ಹೇಳುತ್ತದೆ. ಬಂದವನ ಕಸುಬು ಏನು, ಅವನನ್ನು ಕರೆತಂದವರು ಯಾರು, ಅವನು ಬಡವರನ್ನು ರೋಗಿಗಳನ್ನು ಕಂಡಿದ್ದಾನೆಯೆ ಎಂದೆಲ್ಲ ವಿಚಾರಿಸುತ್ತಿದ್ದರು. ಮಲ್ಲರಂಗದಲ್ಲಿ ಕೊಲ್ಲುವ ಗ್ಲಾಡಿಯೇಟರ್ ಆ ಕಸುಬು ಬಿಡಬೇಕಿತ್ತು, ಇಲ್ಲವೇ ಹಿಂದಿರುಗಬೇಕಿತ್ತು. ತಾಯಿ ಮೋನಿಕಾಳ ಕಾಲದಿಂದಲೂ ದೀಕ್ಷಾರ್ಥಿಗಳ ಪಟ್ಟಿಯಲ್ಲಿದ್ದ ಅಗಸ್ಟೀನ್ ಕೊನೆಗೆ ಮಿಲಾನ್ ನಗರದಲ್ಲಿ ಬಿಷಪ್ ಆಂಬ್ರೋಸರಿಂದ ದೀಕ್ಷಾಸ್ನಾನ ಪಡೆದದ್ದು 387ರ ಈಸ್ಟರ್ ರಾತ್ರಿ. ಆಗ ಅವರಿಗೆ 32 ವರ್ಷ.

ಶಿಶುಗಳಿಗೆ ದೀಕ್ಷಾಸ್ನಾನ ಕೊಡುವುದೇ ರೂಢಿಯಾದ ಮೇಲೆ ಈ ಪದ್ಧತಿ ಮರೆಗೆ ಸರಿಯಿತು. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಇದನ್ನು ಮತ್ತೆ ಜಾರಿಗೆ ತರಲು ತೀರ್ಮಾನಿಸಿತು. 1972ರಲ್ಲಿ ಹೊಸ ವಿಧಿಗ್ರಂಥ ಪ್ರಕಟವಾಯಿತು. ಅದರಂತೆ ಮೊದಲನೆಯದು ವಿಚಾರಣೆಯ ಹಂತ. ಇಲ್ಲಿ ಬಂದವನು ಏನನ್ನೂ ಒಪ್ಪಿಕೊಂಡಿರಬೇಕಿಲ್ಲ, ಪ್ರಶ್ನೆಗಳಿದ್ದರೆ ಸಾಕು. ಎರಡನೆಯದು ದೀಕ್ಷಾರ್ಥಿಯ ಹಂತ. ಉಪದೇಶ, ಪ್ರಾರ್ಥನೆ, ಸಮುದಾಯದ ಒಡನಾಟ ಇದರಲ್ಲಿ ಸೇರುತ್ತದೆ. ಮೂರನೆಯದು ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಆತ್ಮಪರೀಕ್ಷೆ. ಈಸ್ಟರ್ ಹಿಂದಿನ ರಾತ್ರಿಯ ಜಾಗರಣೆಯಲ್ಲಿ ದೀಕ್ಷಾಸ್ನಾನ, ದೃಢೀಕರಣ, ಪರಮಪ್ರಸಾದ ಮೂರೂ ಒಟ್ಟಿಗೆ ದೊರೆಯುತ್ತವೆ. ಆಮೇಲೂ ಕೆಲವು ವಾರಗಳ ಕಲಿಕೆ ಉಂಟು. ಅಭ್ಯರ್ಥಿಯ ಪರವಾಗಿ ಸಾಕ್ಷಿಯಂತೆ ನಿಲ್ಲುವ ಒಬ್ಬ ಕ್ಯಾಥೊಲಿಕ್ ಜೊತೆಗಿರುತ್ತಾರೆ. ದೀಕ್ಷೆಗೆ ಮುಂಚೆ ಯಾವ ಹಂತದಲ್ಲಿ ಬೇಕಾದರೂ ಹಿಂದೆ ಸರಿಯಬಹುದು.

ಬೇರೆ ಕ್ರೈಸ್ತ ಸಭೆಯಲ್ಲಿ ಸರಿಯಾದ ಕ್ರಮದಲ್ಲಿ ದೀಕ್ಷಾಸ್ನಾನ ಆಗಿರುವವರಿಗೆ ಅದನ್ನು ಇನ್ನೊಮ್ಮೆ ಕೊಡುವುದಿಲ್ಲ. ಅವರು ವಿಶ್ವಾಸವನ್ನು ಬಹಿರಂಗವಾಗಿ ಒಪ್ಪಿಕೊಂಡರೆ ಸಾಕು. ವಿಚ್ಛೇದನವಾಗಿ ಮರುಮದುವೆಯಾದವರ ವಿಷಯದಲ್ಲಿ ಮಾತ್ರ ಮೊದಲ ಮದುವೆಯ ಸಿಂಧುತ್ವ ಇತ್ಯರ್ಥವಾಗಬೇಕಾಗುತ್ತದೆ. ಎಷ್ಟೋ ಮಂದಿಗೆ ಸಿದ್ಧಾಂತಕ್ಕಿಂತ ಇದೇ ದೊಡ್ಡ ತೊಡಕು.

ಇದೇ ಮಹಾಸಭೆ 1965ರಲ್ಲಿ ಹೊರಡಿಸಿದ ಧರ್ಮಪ್ರಚಾರದ ಆದೇಶಪತ್ರದಲ್ಲಿ ಬಲವಂತ, ಆಮಿಷ, ಸಲ್ಲದ ತಂತ್ರಗಳಿಂದ ಯಾರನ್ನೂ ಸೇರಿಸಿಕೊಳ್ಳುವಂತಿಲ್ಲ ಎಂದು ಕಟ್ಟುನಿಟ್ಟಾಗಿ ಹೇಳಿದೆ. ಬಂದವನು ಏಕೆ ಬಂದ ಎಂಬುದನ್ನು ವಿಚಾರಿಸಬೇಕು, ಆ ಕಾರಣದಲ್ಲಿ ಕಲ್ಮಷವಿದ್ದರೆ ಮೊದಲು ಅದನ್ನು ತೊಳೆಯಬೇಕು ಎಂಬುದು ಅದರ ಆಶಯ.

ಹೀಗೆ ವಿಚಾರಿಸಲು ಕಾರಣವಿದೆ. ದೇವಾಲಯದ ಗಂಭೀರ ಮೌನ, ಗಾಯನ, ಧೂಪ, ಯಾರೋ ಒಬ್ಬ ಪಾದ್ರಿಯ ಒಳ್ಳೆಯತನ, ಮೆಚ್ಚಿದ ಹುಡುಗಿಯ ಮನೆತನ ಇವೆಲ್ಲ ಒಬ್ಬನನ್ನು ಬಾಗಿಲವರೆಗೆ ತರಬಹುದು. ಆದರೆ ಗಾಯನ ಕೆಟ್ಟರೆ, ಪಾದ್ರಿಗೆ ವರ್ಗವಾದರೆ, ಮದುವೆ ಮುರಿದರೆ ಆಗ ಉಳಿಯುವುದೇನು? 'ಈ ಸಭೆ ಹೇಳುವುದು ನಿಜ ಎಂದು ನಾನು ನಂಬುತ್ತೇನೆಯೆ?' ಎಂಬ ಪ್ರಶ್ನೆಯೊಂದೇ. ತನ್ನ ಅಭಿಪ್ರಾಯಕ್ಕೆ ಒಪ್ಪಿಗೆಯಾದಷ್ಟನ್ನು ಆಯ್ದುಕೊಂಡು ಉಳಿದದ್ದನ್ನು ಬಿಡುವ ಸ್ವಾತಂತ್ರ್ಯವನ್ನು ಕ್ಯಾಥೊಲಿಕ್ ಸಭೆ ಕೊಡುವುದಿಲ್ಲ. ಆದ್ದರಿಂದಲೇ ಬಿಸಿ ಆರಿದ ಮೇಲೂ ನಿಲ್ಲುವ ನಿರ್ಧಾರ ಅದಕ್ಕೆ ಬೇಕು.

ದಾಟದೆ ನಿಂತವರು

ಕಾದವರೆಲ್ಲರೂ ಒಳಗೆ ಹೋದರೆಂದಲ್ಲ. ಫ್ರೆಂಚ್ ಚಿಂತಕಿ ಸಿಮೋನ್ ವೇಲ್ ಇದಕ್ಕೆ ಉದಾಹರಣೆ. 1909ರಲ್ಲಿ ಪ್ಯಾರಿಸ್ಸಿನ ಯಹೂದಿ ಮನೆತನದಲ್ಲಿ ಹುಟ್ಟಿದ ಆಕೆ, ಕಾರ್ಖಾನೆಯಲ್ಲಿ ಕಾರ್ಮಿಕರೊಂದಿಗೆ ದುಡಿದವಳು. ಸಂಸ್ಕೃತ ಕಲಿತು ಭಗವದ್ಗೀತೆಯನ್ನು ಮೂಲದಲ್ಲೇ ಓದಿದವಳು. ಕ್ರಿಸ್ತನ ಮೇಲೆ ಆಕೆಗಿದ್ದ ಪ್ರೀತಿ ಅಪಾರ. ಆದರೂ 1942ರಲ್ಲಿ ಮಾರ್ಸೇಲ್ಸಿನ ಡೊಮಿನಿಕನ್ ಪಾದ್ರಿ ಪೆರ್ರಿನ್ ಅವರಿಗೆ ಬರೆದ ಪತ್ರಗಳಲ್ಲಿ ತಾನು ಏಕೆ ದೀಕ್ಷಾಸ್ನಾನ ಪಡೆಯಲಾರೆ ಎಂಬುದನ್ನು ವಿವರಿಸಿದಳು. ತಾನು ಪ್ರೀತಿಸುವ ಎಷ್ಟೋ ಸಂಗತಿಗಳು ಧರ್ಮಸಭೆಯ ಹೊರಗಿವೆ. ಭಿನ್ನ ಅಭಿಪ್ರಾಯದವರನ್ನು ಬಹಿಷ್ಕರಿಸಿದ ಅದರ ಇತಿಹಾಸವನ್ನು ತಾನು ಒಪ್ಪಲಾರೆ ಎಂಬುದು ಆಕೆಯ ನಿಲುವು. 1943ರಲ್ಲಿ, 34ನೇ ವಯಸ್ಸಿಗೆ, ಪಾದ್ರಿಯ ಕೈಯಿಂದ ದೀಕ್ಷೆ ಪಡೆಯದೆಯೇ ಇಂಗ್ಲೆಂಡಿನಲ್ಲಿ ತೀರಿಕೊಂಡಳು.

ಒಬ್ಬರು ದಾಟಿದರು, ಒಬ್ಬರು ದಾಟಲಿಲ್ಲ. ಇಬ್ಬರಲ್ಲೂ ಸಮಾನವಾದದ್ದು ಒಂದಿದೆ: ಮನಸ್ಸು ಒಪ್ಪದ ಮಾತನ್ನು ಬಾಯಲ್ಲಿ ಆಡಲಾರೆ ಎಂಬ ಹಟ. ನ್ಯೂಮನ್‌ಗೆ ಇದ್ದಲ್ಲೇ ಇರುವುದು ಸುಳ್ಳಾಗಿ ಕಂಡಿತು. ವೇಲ್‌ಗೆ ಒಳಗೆ ಹೋಗುವುದು.

ನ್ಯೂಮನ್ನರನ್ನು 1879ರಲ್ಲಿ ಪೋಪ್ ಹದಿಮೂರನೇ ಲಿಯೋ ಕಾರ್ಡಿನಲ್ ಆಗಿ ನೇಮಿಸಿದರು. 1890ರಲ್ಲಿ ತೀರಿಕೊಂಡ ಅವರನ್ನು 2019ರ ಅಕ್ಟೋಬರ್ 13ರಂದು ಪೋಪ್ ಫ್ರಾನ್ಸಿಸ್ ಸಂತರೆಂದು ಘೋಷಿಸಿದರು. ಆದರೆ ಅವರ ಬದುಕಿನಲ್ಲಿ ಮನಸ್ಸಿಗೆ ಹೆಚ್ಚು ತಟ್ಟುವ ದಿನ ಬೇರೆ. 1865ರ ಸೆಪ್ಟೆಂಬರ್‌ನಲ್ಲಿ ಅವರು ಹರ್ಸ್ಲಿ ಎಂಬ ಹಳ್ಳಿಗೆ ಹಳೆಯ ಗೆಳೆಯ ಕೇಬಲ್ ಅವರನ್ನು ನೋಡಲು ಹೋದರು. ಬಾಗಿಲಲ್ಲಿ ನಿಂತಿದ್ದ ಕೇಬಲ್‌ಗೆ ಇವರ ಗುರುತು ಸಿಗಲಿಲ್ಲ, ಇವರಿಗೂ ಅವರ ಗುರುತು ಸಿಗಲಿಲ್ಲ. ಚಳವಳಿಯ ಇನ್ನೊಬ್ಬ ಮುಂದಾಳು ಎಡ್ವರ್ಡ್ ಪ್ಯೂಸಿ ಕೂಡ ಅಂದು ಅಲ್ಲಿದ್ದರು. ಮೂವರು ಮುದುಕರು ಬಹಳ ವರ್ಷಗಳ ಮೇಲೆ ಒಂದೇ ಮೇಜಿಗೆ ಕೂತು ಊಟ ಮಾಡಿದರು.

ಅದೇ ಗ್ರಂಥಗಳನ್ನು ಓದಿದವರು, ಅದೇ ದೇವರನ್ನು ಪ್ರಾರ್ಥಿಸಿದವರು, ಒಬ್ಬರನ್ನೊಬ್ಬರು ಗೌರವಿಸಿದವರು ಆ ಮೂವರು. ಇಬ್ಬರು ಹುಟ್ಟಿದ ಸಭೆಯಲ್ಲೇ ಉಳಿದರು, ಒಬ್ಬರು ಹೊರಟರು. ಎಲ್ಲರಿಗೂ ಒಂದೇ ಉತ್ತರ ಕೊಡುವ ಲೆಕ್ಕ ಇದಾಗಿದ್ದರೆ ಹೀಗಾಗುತ್ತಿರಲಿಲ್ಲ. ಹೊಸ್ತಿಲ ಮೇಲೆ ನಿಂತವನಿಗೆ ಬೇರೆಯವರು ಕೊಡಬಹುದಾದದ್ದು ಕಾಲಾವಕಾಶ ಮಾತ್ರ. ಕಾಲನ್ನು ಎತ್ತಿಡಬೇಕಾದವನು ಅವನೇ.